ಏರಿ ಬರುವ ಆನೆಯನ್ನು ದೊಡ್ಡ ಬೋರಿನ ಕೋವಿ ನಿಲ್ಲಿಸುತ್ತದೆಯೇ?

ಪ್ರಶ್ನೆ: ನಮ್ಮದು ಮಳವಳ್ಳಿ ತಾಲ್ಲೂಕಿನ ಕಾಡಂಚಿನ ಊರು. ಮುತ್ತತ್ತಿ ಕಡೆಯಿಂದ ಆನೆಗಳು ಕಬ್ಬಿನ ಗದ್ದೆಗೆ ಬರುತ್ತವೆ. ತಾತನ ಕಾಲದ, ಇಂಗ್ಲೆಂಡಿನಲ್ಲಿ ತಯಾರಾದ ಜೋಡುನಳಿಗೆಯ 12 ಬೋರ್ ಕೋವಿ ಬೆಳೆ ರಕ್ಷಣೆಯ ಲೈಸೆನ್ಸಿನ ಮೇಲೆ ಮನೆಯಲ್ಲಿದೆ. ಆಫ್ರಿಕಾದಲ್ಲಿ .470, .600 ಎಂಬ ರೈಫಲ್‌ಗಳಿಂದ ಏರಿ ಬರುವ ಆನೆಯನ್ನೂ ಕಾಡುಕೋಣವನ್ನೂ ಒಂದೇ ಈಡಿಗೆ ಕೆಡವುವ ವಿಡಿಯೋಗಳನ್ನು ನೋಡಿದ್ದೇನೆ. ಬೋರ್ ದೊಡ್ಡದಾದಷ್ಟೂ ಪ್ರಾಣಿ ನಿಲ್ಲುವುದು ಖಂಡಿತವೇ? 12 ಎಂಬುದು .470ಕ್ಕಿಂತ ದೊಡ್ಡದಲ್ಲವೇ? ಆನೆ ಎದುರಾದರೆ ನಮ್ಮ ಕೋವಿ ಸಾಲುತ್ತದೆಯೇ?

ಉತ್ತರ: ಕೊನೆಯ ಪ್ರಶ್ನೆಯ ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ಸಾಲುವುದಿಲ್ಲ. ಅದು ಕೋವಿಯ ದೋಷವಲ್ಲ, ಆ ಕೆಲಸಕ್ಕಾಗಿ ಅದನ್ನು ಯಾರೂ ಮಾಡಿರಲಿಲ್ಲ, ಅಷ್ಟೇ. ನಾನು ಆನೆಗೆ ಗುಂಡು ಹೊಡೆದವನಲ್ಲ ಎಂಬುದನ್ನೂ ಇಲ್ಲಿಯೇ ತಿಳಿಸಬೇಕು. ಮೈಸೂರಿನಲ್ಲಿ ತಂದೆಯ ಕಾಲದಿಂದ ನಡೆದುಬಂದ ಕೋವಿ ರಿಪೇರಿ ಅಂಗಡಿಯಲ್ಲಿ, ಆನೆಗೂ ಹುಲಿಗೂ ಹೊಡೆದವರ ಕೋವಿಗಳನ್ನು ನಲವತ್ತು ವರ್ಷ ಬಿಚ್ಚಿ ಜೋಡಿಸಿದವನು. ಆ ಕೋವಿಗಳು ಏನು ಮಾಡಬಲ್ಲವು, ಏನು ಮಾಡಲಾರವು ಎಂಬುದಷ್ಟೇ ನನ್ನ ತಿಳಿವಳಿಕೆಯ ವ್ಯಾಪ್ತಿ.

ಮೊದಲು ಅಂಕಿಯ ಗೊಂದಲವನ್ನು ಬಿಡಿಸೋಣ. 12 ಬೋರ್ ಎಂದರೆ ಒಂದು ಪೌಂಡ್ ಸೀಸದಲ್ಲಿ, ನಳಿಗೆಯ ಬಾಯಿಗೆ ಸರಿಹೊಂದುವ ಹನ್ನೆರಡು ಉಂಡೆಗಳನ್ನು ಎರಕ ಹೊಯ್ಯಬಹುದು ಎಂದರ್ಥ. ಆದ್ದರಿಂದ ಈ ಲೆಕ್ಕದಲ್ಲಿ ಅಂಕಿ ಚಿಕ್ಕದಾದಷ್ಟೂ ಬಾಯಿ ದೊಡ್ಡದಾಗುತ್ತದೆ. 19ನೇ ಶತಮಾನದಲ್ಲಿ ಆನೆಗೆಂದೇ ಮಾಡುತ್ತಿದ್ದ 4 ಬೋರಿನ ಒಂದು ಉಂಡೆ ಕಾಲು ಪೌಂಡ್, ಅಂದರೆ 113 ಗ್ರಾಂ ತೂಗುತ್ತಿತ್ತು. .470, .375, ನಮ್ಮ ಊರುಗಳಲ್ಲಿ ‘ಮುನ್ನೂರ ಹದಿನೈದು’ ಎಂದು ಕರೆಯುವ .315 ಇವೆಲ್ಲ ಬೇರೆಯ ಲೆಕ್ಕ. ಅಂಗುಲದ ದಶಮಾಂಶ ಭಾಗಗಳು. .315 ಎಂದರೆ 8 ಮಿಲಿಮೀಟರ್, .470 ಎಂದರೆ ಸುಮಾರು 12 ಮಿಲಿಮೀಟರ್. ನಿಮ್ಮ 12 ಬೋರಿನ ನಳಿಗೆಯ ಬಾಯಿ ಸುಮಾರು 18.5 ಮಿಲಿಮೀಟರ್. ಬಾಯಿಯ ಅಗಲದಲ್ಲಿ ನಿಮ್ಮ ಕೋವಿ .470ಕ್ಕಿಂತ ದೊಡ್ಡದು ಎಂಬುದು ನಿಜ. ಅದರಲ್ಲಿ ಒಂಟಿ ಉಂಡೆ ತುಂಬಿದರೆ ಆ ಉಂಡೆ 37 ಗ್ರಾಂ ದಾಟುತ್ತದೆ; .470ರ ಗುಂಡು 32.4 ಗ್ರಾಂ ಮಾತ್ರ. ಬೋರಿನಲ್ಲೂ ತೂಕದಲ್ಲೂ ನಿಮ್ಮದೇ ಮುಂದು. ಆದರೂ ಏರಿ ಬರುವ ಆನೆಯ ಮುಂದೆ ಅದು ಆಟಿಕೆಯಾಗುತ್ತದೆ.

ಏಕೆ ಎಂಬುದನ್ನು ನೋಡುವ ಮೊದಲು ಈ ದೊಡ್ಡ ರೈಫಲ್‌ಗಳ ಹುಟ್ಟನ್ನು ಸ್ವಲ್ಪ ತಿಳಿದಿರುವುದು ಒಳ್ಳೆಯದು, ಏಕೆಂದರೆ ಅದರಲ್ಲಿ ನಮ್ಮ ದೇಶಕ್ಕೂ ಒಂದು ಪಾಲಿದೆ. ಕರಿಮದ್ದಿನ ಕಾಲದಲ್ಲಿ ಗುಂಡಿನ ವೇಗವನ್ನು ಒಂದು ಮಿತಿಯಿಂದಾಚೆಗೆ ಏರಿಸಲು ಬರುತ್ತಿರಲಿಲ್ಲ. ಬಲ ಬೇಕೆಂದರೆ ಗುಂಡನ್ನೇ ದೊಡ್ಡದು ಮಾಡಬೇಕಿತ್ತು. 4 ಬೋರ್, 8 ಬೋರ್‌ಗಳು ಹಾಗೆ ಬಂದವು, ಹೊರುವವನ ಹೆಗಲು ಮುರಿದವು. ಹೊಗೆಯಿಲ್ಲದ ಕಾರ್ಡೈಟ್ ಮದ್ದು ಬಂದ ಮೇಲೆ ಲಂಡನ್ನಿನ ರಿಗ್ಬಿ ಕಂಪನಿ 1898ರಲ್ಲಿ .450 ನೈಟ್ರೋ ಎಕ್ಸ್‌ಪ್ರೆಸ್ ತೋಟೆಯನ್ನು ಹೊರತಂದಿತು. 31 ಗ್ರಾಂ ಗುಂಡು, ಸೆಕೆಂಡಿಗೆ ಸುಮಾರು 655 ಮೀಟರ್ ವೇಗ. ದಪ್ಪ ಬೋರಿನ ಕಾಲ ಅಲ್ಲಿಗೆ ಮುಗಿಯಿತೆಂದೇ ಹೇಳಬಹುದು. ಆದರೆ 1907ರಲ್ಲಿ ಬ್ರಿಟಿಷ್ ಸರ್ಕಾರ ಭಾರತದಲ್ಲೂ ಸುಡಾನಿನಲ್ಲೂ .450 ಬೋರನ್ನು ನಿಷೇಧಿಸಿತು. ಸೈನ್ಯದ ಹಳೆಯ ಮಾರ್ಟಿನಿ-ಹೆನ್ರಿ ಕೋವಿಗಳು ಅದೇ ಬೋರಿನವು. ಬೇಟೆಯ ಹೆಸರಿನಲ್ಲಿ ಬಂದ ಗುಂಡು ದಂಗೆಕೋರರ ಕೋವಿಗೆ ಹೋದೀತು ಎಂಬ ಭಯ. ಭಾರತದ ಮಾರುಕಟ್ಟೆ ಕೈತಪ್ಪಬಾರದೆಂದು ಇಂಗ್ಲೆಂಡಿನ ತಯಾರಕರು .450ರ ಬದಲಿಗೆ .465, .470, .475, .476 ಎಂದು ಕೂದಲೆಳೆಯ ಅಂತರದ ಬೋರುಗಳ ಕಡೆಗೆ ಹೊರಳಿದರು. ಇವತ್ತು ಆಫ್ರಿಕಾದ ವೃತ್ತಿಪರ ಬೇಟೆಗಾರನ ಕೈಯಲ್ಲಿ ನೀವು ವಿಡಿಯೋದಲ್ಲಿ ನೋಡುವ .470ರ ಭಾಗ್ಯ ತೆರೆದದ್ದು, ಹೀಗೆ, ಭಾರತದ ಒಂದು ನಿಷೇಧದಿಂದ. ಇದು ಸ್ವಾರಸ್ಯಕ್ಕಾಗಿ ಹೇಳಿದ ಮಾತಲ್ಲ. ಬೋರಿನ ಅಂಕಿ ಎಷ್ಟೋ ಸಲ ಕಾನೂನಿನಿಂದಲೂ ವ್ಯಾಪಾರದಿಂದಲೂ ಹುಟ್ಟುತ್ತದೆ; .465ಕ್ಕೂ .476ಕ್ಕೂ ನಡುವೆ ಪ್ರಾಣಿಗೆ ಗೊತ್ತಾಗುವ ವ್ಯತ್ಯಾಸವೇನೂ ಇಲ್ಲ.

ಈಗ ‘ಕೆಡವುವುದು’ ಎಂಬ ಮಾತಿಗೆ ಬರೋಣ. ದೊಡ್ಡ ಗುಂಡು ಗುದ್ದಿದ ರಭಸಕ್ಕೆ ಆನೆ ಹಿಂದಕ್ಕೆ ಬೀಳುತ್ತದೆ ಎಂದು ಬಹಳ ಜನ ನಂಬಿದ್ದಾರೆ. ಪಿಯುಸಿಯ ಭೌತಶಾಸ್ತ್ರ ಸಾಕು, ಲೆಕ್ಕ ಹಾಕಿ ನೋಡಿ. .470ರ 32.4 ಗ್ರಾಂ ಗುಂಡು ಸೆಕೆಂಡಿಗೆ 655 ಮೀಟರ್ ವೇಗದಲ್ಲಿ ಹೋಗುತ್ತದೆ. ತೂಕವನ್ನು ವೇಗದಿಂದ ಗುಣಿಸಿದರೆ ಬರುವ ಸಂವೇಗ 21ರ ಆಸುಪಾಸು. ಇದು ಪೂರ್ತಿಯಾಗಿ 4,000 ಕೆಜಿಯ ಸಲಗಕ್ಕೆ ವರ್ಗವಾಯಿತು ಎಂದಿಟ್ಟುಕೊಳ್ಳಿ. ಆನೆಯ ವೇಗದಲ್ಲಿ ಆಗುವ ಬದಲಾವಣೆ ಸೆಕೆಂಡಿಗೆ ಸುಮಾರು 5 ಮಿಲಿಮೀಟರ್. ಅದು ಸೆಕೆಂಡಿಗೆ 7 ಮೀಟರ್ ವೇಗದಲ್ಲಿ ನಿಮ್ಮ ಕಡೆಗೆ ಬರುತ್ತಿರುವಾಗ, ಗುಂಡಿನ ಗುದ್ದು ಅದಕ್ಕೆ ನೊಣ ಕೂತಷ್ಟೂ ಅಡ್ಡಿಯಲ್ಲ. ಅದೇ ಸಂವೇಗ ಹಿಂದಕ್ಕೆ ಒದೆಯುವುದು ಐದು ಕೆಜಿಯ ಕೋವಿಯನ್ನೂ ಅದರ ಹಿಂದಿರುವ ನಿಮ್ಮ ಭುಜವನ್ನೂ. ಆನೆಗಿಂತ ಹೆಚ್ಚು ಅಲುಗಾಡುವವನು ಹೊಡೆದವನೇ.

ಹಾಗಾದರೆ ಆನೆ ಕುಸಿಯುವುದು ಹೇಗೆ? ಮಿದುಳಿಗೆ ಅಥವಾ ಬೆನ್ನುಹುರಿಗೆ ಗುಂಡು ತಾಗಿದಾಗ ಮಾತ್ರ ಅದು ನಿಂತಲ್ಲೇ ಕುಸಿಯುತ್ತದೆ. ಹೃದಯಕ್ಕೆ ತಾಗಿದರೆ ಸಾವು ನಿಶ್ಚಯ, ಆದರೆ ತಕ್ಷಣವಲ್ಲ. ರಕ್ತ ನಿಂತ ಮೇಲೂ ಮಿದುಳಿನಲ್ಲಿ ಉಳಿದಿರುವ ಆಮ್ಲಜನಕ ಹತ್ತು ಹದಿನೈದು ಸೆಕೆಂಡು ಅದನ್ನು ಎಚ್ಚರವಾಗಿಡುತ್ತದೆ. ಹತ್ತು ಸೆಕೆಂಡಿನಲ್ಲಿ ಗಾಯಗೊಂಡ ಕಾಡುಕೋಣ ನೂರು ಮೀಟರಿಗೂ ಹೆಚ್ಚು ಓಡಬಲ್ಲದು. ನೀವು ಇಪ್ಪತ್ತು ಮೀಟರ್ ದೂರದಲ್ಲಿ ನಿಂತಿದ್ದರೆ, ಸತ್ತ ಪ್ರಾಣಿಯೇ ನಿಮ್ಮನ್ನು ಕೊಂದು ಆಮೇಲೆ ಬೀಳುತ್ತದೆ. ಕೊಲ್ಲುವುದು ಬೇರೆ, ನಿಲ್ಲಿಸುವುದು ಬೇರೆ.

ಆನೆಯ ತಲೆ ಎಷ್ಟು ದೊಡ್ಡದೋ ಅದರೊಳಗಿನ ಗುರಿ ಅಷ್ಟೇ ಚಿಕ್ಕದು. ಇದನ್ನು ನಾನು ಪುಸ್ತಕದಿಂದ ಕಲಿತದ್ದಲ್ಲ. ಸುಮಾರು ಇಪ್ಪತ್ತೈದು ವರ್ಷಗಳ ಹಿಂದೆ ಹುಣಸೂರು ಕಡೆಯ ಒಂದು ಕಾಡಂಚಿನ ಹೊಲದಲ್ಲಿ ಬೇಲಿಗೆ ಕಳ್ಳತನದಿಂದ ಎಳೆದ ಕರೆಂಟು ತಗುಲಿ ಸಲಗವೊಂದು ಸತ್ತಿತ್ತು. ಮರಣೋತ್ತರ ಪರೀಕ್ಷೆಯ ಹೊತ್ತಿನಲ್ಲಿ ಹಣೆಯಲ್ಲೊಂದು ಹಳೆಯ ಗಾಯದ ಗುರುತು ಕಂಡಿತೆಂದು, ಗುಂಡಿದ್ದರೆ ಯಾವ ಕೋವಿಯದೆಂದು ಹೇಳಲು ನನ್ನನ್ನು ಕರೆಸಿದರು. ಪಶುವೈದ್ಯರು ಗರಗಸದಿಂದ ಹಣೆಯನ್ನು ಸೀಳಿದಾಗ ಒಳಗೆ ಗಟ್ಟಿ ಮೂಳೆಯೇ ಇರಲಿಲ್ಲ. ಜೇನುಹಟ್ಟಿಯಂತೆ ಗೂಡು ಗೂಡಾದ, ಬೆರಳು ತೂರುವಷ್ಟು ಪೊಳ್ಳುಗಳುಳ್ಳ ಹಗುರ ಮೂಳೆ, ಸುಮಾರು ಒಂದಡಿ ಆಳದವರೆಗೆ. ಅದರ ನಡುವೆ ಕೇಪಿನ ಕೋವಿಯ ಸೀಸದ ಉಂಡೆಯೊಂದು ಐದು ರೂಪಾಯಿ ನಾಣ್ಯದಂತೆ ಚಪ್ಪಟೆಯಾಗಿ ಕೂತಿತ್ತು. ಅದರ ಸುತ್ತ, ಮರಕ್ಕೆ ಹೊಡೆದ ಮೊಳೆಯನ್ನು ಮರವೇ ಬೆಳೆದು ನುಂಗುವಂತೆ, ಮೂಳೆ ಬೆಳೆದು ಮುಚ್ಚಿತ್ತು. ಯಾರೋ ಎಂದೋ ಎದುರಿನಿಂದ ಹಣೆಗೇ ಗುರಿಯಿಟ್ಟು ಹೊಡೆದಿದ್ದಾರೆ; ಗುರಿ ತಪ್ಪಿಲ್ಲ; ಆನೆ ಆಮೇಲೆ ವರ್ಷಗಟ್ಟಲೆ ಬದುಕಿದೆ. ಮಿದುಳು ಅಲ್ಲಿಂದ ಬಹಳ ಹಿಂದೆ, ಬಹಳ ಕೆಳಗೆ, ಎರಡು ಕಿವಿಯ ರಂಧ್ರಗಳ ನಡುವಿನ ಮಟ್ಟದಲ್ಲಿತ್ತು. ನಾಲ್ಕೈದು ಕೆಜಿ ತೂಕ, ಸಿಪ್ಪೆ ಸಮೇತದ ಒಂದು ದೊಡ್ಡ ತೆಂಗಿನಕಾಯಿಯ ಗಾತ್ರ. ಹೊಡೆದವನು ಬದುಕಿದನೋ ಇಲ್ಲವೋ ಎಂದು ಆ ದಿನ ಅಲ್ಲಿದ್ದ ಯಾರೂ ಕೇಳಲಿಲ್ಲ, ನಾನು ಮಾತ್ರ ಮನೆಗೆ ಬರುವವರೆಗೆ ಅದನ್ನೇ ಯೋಚಿಸುತ್ತಿದ್ದೆ.

ಆ ಚಪ್ಪಟೆ ಉಂಡೆಯೇ ನಿಮ್ಮ ‘ಏಕೆ’ ಎಂಬ ಪ್ರಶ್ನೆಗೆ ಉತ್ತರ. ಮೆತ್ತನೆಯ ಸೀಸದ ದುಂಡು ಉಂಡೆ ಮೂಳೆಗೆ ತಾಗಿದೊಡನೆ ಅಗಲವಾಗುತ್ತದೆ, ಅಗಲವಾದೊಡನೆ ನಿಲ್ಲುತ್ತದೆ. .470ರ ಗುಂಡು ಅಂಥದಲ್ಲ; ಕಡಿಮೆ ಅಗಲದಲ್ಲಿ ಹೆಚ್ಚು ಉದ್ದ ತುಂಬಿಕೊಂಡ, ಮೊಂಡು ಮೂತಿಯ, ಗಟ್ಟಿ ಲೋಹದ ಹೊದಿಕೆಯುಳ್ಳ ‘ಸಾಲಿಡ್’. ಗೋಣಿಚೀಲಕ್ಕೆ ಕಲ್ಲೆಸೆಯುವುದಕ್ಕೂ ದಬ್ಬಳ ಚುಚ್ಚುವುದಕ್ಕೂ ಇರುವ ವ್ಯತ್ಯಾಸ ಇದು. ಸಾಲಿಡ್ ಗುಂಡು ಮೂಳೆಯನ್ನೂ ಮಾಂಸವನ್ನೂ ಸೀಳಿಕೊಂಡು ದಾರಿ ಬದಲಿಸದೆ ನೇರ ಹೋಗಬೇಕು. ದೊಡ್ಡ ಪ್ರಾಣಿಯ ಕೋವಿಯಲ್ಲಿ ಮೊದಲು ಕೇಳಬೇಕಾದ್ದು ಈ ನೇರ ನಡೆಯನ್ನು, ಆಮೇಲೆ ಬೋರನ್ನು.

ಇದಕ್ಕೆ ದೊಡ್ಡ ಸಾಕ್ಷಿ ಸ್ಕಾಟ್ಲೆಂಡ್ ಮೂಲದ ದಂತದ ಬೇಟೆಗಾರ ಕರಮೋಜೊ ಬೆಲ್. ಆತ 20ನೇ ಶತಮಾನದ ಆರಂಭದ ದಶಕಗಳಲ್ಲಿ ಆಫ್ರಿಕಾದಲ್ಲಿ ಸಾವಿರಕ್ಕೂ ಹೆಚ್ಚು ಆನೆಗಳನ್ನು ಕೊಂದ. ಅವುಗಳಲ್ಲಿ ಬಹುಪಾಲಿಗೆ ಬಳಸಿದ್ದು 7 ಮಿಲಿಮೀಟರಿನ, ನಮ್ಮ.315ಕ್ಕಿಂತಲೂ ಸಣ್ಣ ಬೋರಿನ .275 ರಿಗ್ಬಿ ರೈಫಲ್. ಗುಂಡಿನ ತೂಕ ಕೇವಲ 11 ಗ್ರಾಂ, ಆದರೆ ಉದ್ದನೆಯ ಸಾಲಿಡ್. ಆನೆಯ ತಲೆಬುರುಡೆಯನ್ನು ಉದ್ದಕ್ಕೆ ಸೀಳಿಸಿ, ಯಾವ ಕೋನದಿಂದ ನೋಡಿದರೆ ಮಿದುಳು ಎಲ್ಲಿದೆ ಎಂದು ಆತ ಅಭ್ಯಾಸ ಮಾಡಿದ್ದ. ಅವನನ್ನು ಮೆಚ್ಚಲು ನನ್ನಿಂದಾಗುವುದಿಲ್ಲ, ಆದರೆ ಅವನ ಲೆಕ್ಕವನ್ನು ಅಲ್ಲಗಳೆಯಲೂ ಆಗುವುದಿಲ್ಲ. ಇಷ್ಟನ್ನು ಕೇಳಿ ‘ಹಾಗಾದರೆ .315 ಸಾಕು’ ಎಂದು ತೀರ್ಮಾನಿಸಬೇಡಿ. ಬೆಲ್ ಹೆಚ್ಚಾಗಿ ಹೊಡೆದದ್ದು ತನ್ನನ್ನು ಗಮನಿಸದೆ ನಿಂತ ಆನೆಗಳಿಗೆ, ಕೋನವನ್ನು ತಾನೇ ಆರಿಸಿಕೊಂಡು. ಏರಿ ಬರುವ ಆನೆಯಲ್ಲಿ ಕೋನವನ್ನು ಆರಿಸುವುದು ಆನೆ. ತಲೆ ಎತ್ತಿದರೆ ಮಿದುಳಿನ ದಾರಿ ಒಂದು ಕಡೆ, ತಗ್ಗಿಸಿದರೆ ಇನ್ನೊಂದು ಕಡೆ. ಹೆಜ್ಜೆ ಹೆಜ್ಜೆಗೂ ಗುರಿಯ ಬಿಂದು ಅರ್ಧ ಅಡಿ ಮೇಲೆ ಕೆಳಗೆ ಸರಿಯುತ್ತಿರುತ್ತದೆ. ಹಣೆಯ ಇಂಥ ಗೆರೆಗೆ ಹೊಡೆಯಿರಿ, ಸೊಂಡಿಲಿನ ಇಂಥ ಮಡಿಕೆಗೆ ಹೊಡೆಯಿರಿ ಎಂಬ ಸೂತ್ರಗಳೆಲ್ಲ ಕಟ್ಟೆಯ ಮೇಲೆ ಕೂತು ಹೇಳುವ ಮಾತು.

ಹಾಗಿದ್ದರೆ ದೊಡ್ಡ ಬೋರಿನಿಂದ ಪ್ರಯೋಜನವೇ ಇಲ್ಲವೇ? ಇದೆ, ಆದರೆ ಅದು ಜನ ಭಾವಿಸುವ ಪ್ರಯೋಜನವಲ್ಲ. ಒಂದು, ಭಾರವಾದ ಉದ್ದ ಗುಂಡು ಒಂದಡಿಯ ಜೇನುಹಟ್ಟಿ ಮೂಳೆಯಲ್ಲಿ ಹಾದಿ ತಪ್ಪುವುದು ಕಡಿಮೆ. ಇನ್ನೊಂದು, ಮಿದುಳನ್ನು ನಾಲ್ಕು ಬೆರಳಿನಷ್ಟು ತಪ್ಪಿಸಿ ಹಾದುಹೋದರೂ ಅದರ ಆಘಾತಕ್ಕೆ ಆನೆ ಕ್ಷಣಕಾಲ ಮಂಕಾಗಿ ಮಂಡಿಯೂರುವುದುಂಟು. ಸಣ್ಣ ಗುಂಡಿನಲ್ಲಿ ಆ ಅವಕಾಶ ಕಡಿಮೆ. ಜಾನ್ ಟೇಲರ್ ಎಂಬ ಬೇಟೆಗಾರ 1948ರಲ್ಲಿ ಗುಂಡಿನ ತೂಕ, ವೇಗ, ಅಗಲ ಮೂರನ್ನೂ ಗುಣಿಸಿ ಒಂದು ‘ನಾಕೌಟ್’ ಅಂಕಿಯನ್ನು ಪ್ರಕಟಿಸಿದ. ಅದರಂತೆ .375ಕ್ಕೆ 40ರ ಆಸುಪಾಸು, .470ಕ್ಕೆ 70ರ ಮೇಲೆ. ಟೇಲರ್ ಈ ಅಂಕಿಯನ್ನು ಲೆಕ್ಕ ಹಾಕಿದ್ದು, ಮಿದುಳು ತಪ್ಪಿದ ತಲೆಯ ಏಟಿಗೆ ಆನೆ ಎಷ್ಟು ಹೊತ್ತು ಮಂಕಾಗಿ ಬಿದ್ದಿರುತ್ತದೆ ಎಂದು ಹೋಲಿಸುವುದಕ್ಕೆ. ಇವತ್ತು ಅದನ್ನೇ ಹಿಡಿದುಕೊಂಡು ಜಿಂಕೆಯಿಂದ ಹುಲಿಯವರೆಗೆ ಎಲ್ಲದಕ್ಕೂ ಕೋವಿ ಆರಿಸುವವರಿದ್ದಾರೆ, ಅದು ಸಲ್ಲದು. ಮಂಕು ಕೆಲವೇ ಕ್ಷಣಗಳದು, ಆ ಕ್ಷಣಗಳಲ್ಲಿ ಎರಡನೆಯ ಈಡು ಸರಿಯಾಗಿ ಬೀಳದಿದ್ದರೆ ಆನೆ ಎದ್ದು ಬರುತ್ತದೆ. 58 ಗ್ರಾಂ ಗುಂಡಿನ .600 ಕೂಡ ಕೊಡುವುದು ಇಷ್ಟೇ ಅವಕಾಶವನ್ನು, ಸ್ವಲ್ಪ ಉದ್ದವಾಗಿ.

ಆಫ್ರಿಕಾದ ಹಲವು ದೇಶಗಳಲ್ಲಿ ಅಪಾಯಕಾರಿ ಪ್ರಾಣಿಗಳಿಗೆ .375 ಅಥವಾ ಅದರ ಹತ್ತಿರದ ಬೋರೇ ಕಾನೂನಿನ ಕನಿಷ್ಠ ಮಿತಿ. 1912ರಲ್ಲಿ ಹಾಲೆಂಡ್ ಅಂಡ್ ಹಾಲೆಂಡ್ ತಂದ .375 ಮ್ಯಾಗ್ನಮ್ ಇಂದಿಗೂ ಅಲ್ಲಿ ಅತಿ ಹೆಚ್ಚು ಕಾಣುವ ರೈಫಲ್‌ಗಳಲ್ಲೊಂದು. ಅದರ ಗುಂಡು 19 ಗ್ರಾಂ ಮಾತ್ರ. ಆದರೆ ಹಣ ಕೊಟ್ಟು ಬೇಟೆಗೆ ಬಂದ ಅತಿಥಿ ಗಾಯಗೊಳಿಸಿದ ಕೋಣವನ್ನು ಪೊದೆಯೊಳಗೆ ಹುಡುಕಿಕೊಂಡು ಹೋಗುವ ವೃತ್ತಿಪರ ಬೇಟೆಗಾರ ಅದನ್ನು ಜೀಪಿನಲ್ಲೇ ಬಿಟ್ಟು .416, .458 ಅಥವಾ .470 ಎತ್ತಿಕೊಳ್ಳುತ್ತಾನೆ. ಕೊಲ್ಲುವ ಕೋವಿಗೂ ನಿಲ್ಲಿಸುವ ಕೋವಿಗೂ ಇರುವ ಭೇದ ಅಲ್ಲಿ ಸ್ಪಷ್ಟ. ಆಫ್ರಿಕಾದ ಕಾಡುಕೋಣ ಮೂಗನ್ನು ಮುಂದೆ ಚಾಚಿ, ಕಣ್ಣು ನೆಟ್ಟು, ಗಂಟೆಗೆ 50 ಕಿಲೋಮೀಟರಿನ ಆಸುಪಾಸಿನ ವೇಗದಲ್ಲಿ ಬಂದು ಕೊನೆಯ ಕ್ಷಣದಲ್ಲಷ್ಟೇ ತಲೆ ತಗ್ಗಿಸುತ್ತದೆ. 30 ಮೀಟರ್ ಎಂದರೆ ಎರಡು ಸೆಕೆಂಡು. ಕೊಂಬುಗಳ ಬುಡ ಸೇರಿ ಹಣೆಯ ಮೇಲೆ ಕವಚದಂತೆ ಕೂತಿರುವುದರಿಂದ ತಲೆ ತಗ್ಗಿದ ಮೇಲೆ ಹಾದಿ ಇನ್ನೂ ಕಠಿಣ. ನಮ್ಮ ಬಂಡೀಪುರ, ನಾಗರಹೊಳೆಯ ಕಾಟಿ ಆಫ್ರಿಕಾದ ಕೋಣಕ್ಕಿಂತ ದೊಡ್ಡದು, ಆದರೆ ಸ್ವಭಾವದಲ್ಲಿ ಸಂಕೋಚದ್ದು. ಸಾಮಾನ್ಯವಾಗಿ ಬುಸುಗುಟ್ಟಿ ಮರೆಯಾಗುತ್ತದೆ. ಹುಲಿ, ಚಿರತೆಗಳ ಲೆಕ್ಕವೇ ಬೇರೆ. ಅವುಗಳ ಮೂಳೆ ಹಗುರ, ದೇಹ ಸಣ್ಣದು, ವೇಗ ಮಾತ್ರ ಕಣ್ಣಿಗೆ ಹತ್ತದಷ್ಟು. ಬೆಂಗಳೂರಿನ ಕೆನೆತ್ ಆಂಡರ್ಸನ್ ನರಭಕ್ಷಕಗಳ ಹಿಂದೆ ಓಡಾಡಿದ್ದು .405 ವಿಂಚೆಸ್ಟರ್ ಎಂಬ ಲಿವರ್ ರೈಫಲಿನಲ್ಲಿ, .470ರಲ್ಲಲ್ಲ.

ಜೋಡುನಳಿಗೆಯ ರೈಫಲಿಗೆ ಇಷ್ಟು ಹೆಸರು ಬಂದದ್ದು ಎರಡನೆಯ ಈಡಿನಿಂದ. ಎರಡು ನಳಿಗೆ, ಎರಡು ಪ್ರತ್ಯೇಕ ಲಾಕು; ಒಂದು ಕೈಕೊಟ್ಟರೂ ಇನ್ನೊಂದಿದೆ; ಬೆರಳು ಮುಂದಿನಿಂದ ಹಿಂದಿನ ಟ್ರಿಗರಿಗೆ ಸರಿದರೆ ಸಾಕು. ಆದರೆ ಮೂರನೆಯ ಈಡಿಗೆ ಕೋವಿ ಮುರಿದು, ಅಂದರೆ ನಳಿಗೆಯನ್ನು ಕೀಲಿನಲ್ಲಿ ಬಗ್ಗಿಸಿ ತೆರೆದು, ತೋಟೆ ತುಂಬಬೇಕು. ಮೌಸರ್ ಮಾದರಿಯ ಬೋಲ್ಟ್ ರೈಫಲಿನಲ್ಲಿ ಮೂರು ನಾಲ್ಕು ತೋಟೆಗಳು ಒಳಗೇ ಇರುತ್ತವೆ. ತೋಟೆ ಮೇಲೆ ಬಂದೊಡನೆ ಅದರ ಅಂಚನ್ನು ಕೊಕ್ಕೆಯೊಂದು ಕಚ್ಚಿ ಹಿಡಿಯುವುದರಿಂದ ಗಾಬರಿಯಲ್ಲಿ ಬೋಲ್ಟನ್ನು ಅರ್ಧಕ್ಕೆ ಎಳೆದು ಮತ್ತೆ ದೂಡಿದರೂ ಎರಡು ತೋಟೆ ಸಿಕ್ಕಿಹಾಕಿಕೊಳ್ಳುವುದಿಲ್ಲ. ಮೇಜಿನ ಮೇಲೆ ಇದು ಸಣ್ಣ ವಿಷಯವಾಗಿ ಕಾಣುತ್ತದೆ. ಕೈ ನಡುಗುವವನಿಗೆ ಇದೇ ಪ್ರಾಣ.

ಹಳೆಯ ಜೋಡುನಳಿಗೆಯ ಇನ್ನೊಂದು ಮುಖವನ್ನು ನನ್ನ ಭುಜ ಬಲ್ಲದು. ತೊಂಬತ್ತರ ದಶಕದಲ್ಲಿ ಕೊಡಗಿನ ಕಾಫಿ ತೋಟದ ಮನೆಯೊಂದರಿಂದ .470 ರಿಪೇರಿಗೆ ಬಂದಿತ್ತು. ಲಾಕು ಒರೆಸಿ, ಎಣ್ಣೆ ಹಾಕಿ, ಟ್ರಿಗರ್ ಎಳೆಯುವವರೆಗೆ ಲಾಕನ್ನು ತಡೆದು ಹಿಡಿಯುವ ಕಚ್ಚು ಒಂದು ಕಡೆ ಸ್ವಲ್ಪ ಸವೆದಿದೆ ಎಂದು ಕಂಡರೂ ‘ಒಂದು ಈಡು ನೋಡಿಬಿಡೋಣ’ ಎಂದುಕೊಂಡು ಅದರ ಮಾಲೀಕರ ತೋಟದಲ್ಲೇ ಮಣ್ಣಿನ ದಿಬ್ಬಕ್ಕೆ ಹೊಡೆದೆ. ಮುಂದಿನ ಟ್ರಿಗರ್ ಎಳೆದೆ, ಎರಡೂ ನಳಿಗೆ ಒಟ್ಟಿಗೆ ಹಾರಿದವು. ಸದ್ದು ಕೇಳಿದ ನೆನಪಿಲ್ಲ. ಆಕಾಶ ನೋಡುತ್ತ ಮಲಗಿದ್ದೇನೆ, ಬಾಯಲ್ಲಿ ರಕ್ತದ ರುಚಿ, ಕೋವಿ ಮಾರು ದೂರದ ಕಾಫಿ ಗಿಡದ ಬುಡದಲ್ಲಿ. ಕಾಲರ್ ಮೂಳೆ ಕೂಡಿಕೊಳ್ಳಲು ಆರು ವಾರ ಹಿಡಿಯಿತು. ತಪ್ಪು ನನ್ನದೇ. ಒಂದೇ ನಳಿಗೆಗೆ ತೋಟೆ ಹಾಕಿ ನೋಡಬೇಕೆಂಬುದು ನಾನೇ ಹುಡುಗರಿಗೆ ಹೇಳಿಕೊಡುತ್ತಿದ್ದ ಪಾಠ. ಆ ದಿನ ಎದುರಿಗೆ ಇದ್ದದ್ದು ಮಣ್ಣಿನ ದಿಬ್ಬ. ಆ ದಿಬ್ಬದ ಜಾಗದಲ್ಲಿ ಗಾಯಗೊಂಡ ಆನೆಯನ್ನು ಇಟ್ಟು ಊಹಿಸಿಕೊಳ್ಳಿ.

ತೋಟೆಯ ಸಮಸ್ಯೆ ಇದಕ್ಕಿಂತ ದೊಡ್ಡದು. ಕಾರ್ಡೈಟ್ ಮದ್ದಿಗೆ ಸೆಖೆ ಆಗದು. ಬಿಸಿಲಿಗೆ ಕಾದ ತೋಟೆಯಲ್ಲಿ ಒತ್ತಡ ಏರಿ ಖಾಲಿ ಕೊಳವೆ ನಳಿಗೆಯಲ್ಲೇ ಕಚ್ಚಿಕೊಳ್ಳುತ್ತಿತ್ತು; ಅದಕ್ಕೆಂದೇ ಭಾರತ, ಆಫ್ರಿಕಾಗಳಿಗೆ ಮದ್ದು ಕಡಿಮೆ ಹಾಕಿದ ತೋಟೆಗಳನ್ನು ಬೇರೆಯಾಗಿ ಮಾಡುತ್ತಿದ್ದರು. ರಿಗ್ಬಿಯ .416ರ ತೋಟೆಯ ಹೊಟ್ಟೆ ಅಷ್ಟು ದೊಡ್ಡದಾಗಿರುವುದೂ ಒತ್ತಡವನ್ನು ತಗ್ಗಿಸಲೆಂದೇ. ಇಂಗ್ಲೆಂಡಿನ ಕೈನಾಕ್ ಈ ದೊಡ್ಡ ತೋಟೆಗಳ ತಯಾರಿಕೆಯನ್ನು 1960ರ ದಶಕದ ಹೊತ್ತಿಗೆ ಕೈಬಿಟ್ಟಿತು. ನಮ್ಮ ಕಡೆಯ ಹಳೆಯ ಮನೆಗಳ ಕಪಾಟಿನಲ್ಲಿ ಉಳಿದಿರುವುದು ಬಹುತೇಕ ಆ ಕಾಲದವು. ಅಂಥ ತೋಟೆಗಳನ್ನು ಹಾರಿಸಿ ನೋಡಿದಾಗ ಒಂದು ಸಲ ‘ಟಿಕ್’ ಎಂದಿತು, ಏನೂ ಆಗಲಿಲ್ಲ. ಇನ್ನೊಂದು ಸಲ ‘ಟಿಕ್’ ಎಂದು, ನಾನು ಉಸಿರು ಬಿಡುವಷ್ಟು ಹೊತ್ತಿನ ಮೇಲೆ ಹಾರಿತು. ಕೋವಿ ರಾಜಮನೆತನದ್ದಾದರೇನು, ತೋಟೆ ಅರವತ್ತು ವರ್ಷದ್ದಾದರೆ ಅದು ಗೋಡೆಗೆ ತೂಗುಹಾಕುವ ವಸ್ತು.

ಇನ್ನು ಒದೆತದ ಮಾತು. .470 ಹೊಡೆಯುವವನ ಭುಜಕ್ಕೆ ಐದು ಕೆಜಿಯ ಕೋವಿ ಸೆಕೆಂಡಿಗೆ ಸುಮಾರು 5 ಮೀಟರ್ ವೇಗದಲ್ಲಿ ಬಂದು ಬಡಿಯುತ್ತದೆ. ಅದನ್ನು ಎರಡು ಸಲ ಉಂಡವನು ಮೂರನೆಯ ಸಲ ಟ್ರಿಗರ್ ಎಳೆಯುವ ಮುಂಚೆಯೇ ಕಣ್ಣು ಮುಚ್ಚುತ್ತಾನೆ, ನಳಿಗೆಯನ್ನು ಕೆಳಕ್ಕೆ ತಳ್ಳುತ್ತಾನೆ. ಹೊಡೆಯುವವನಿಗೇ ಇದು ತಿಳಿಯದು. ಖಾಲಿ ತೋಟೆಯನ್ನು ಗುಟ್ಟಾಗಿ ತುಂಬಿಕೊಟ್ಟರೆ ನೋಡುವವರಿಗೆಲ್ಲ ತಿಳಿಯುತ್ತದೆ. ಅಳುಕದೆ ಹೊಡೆಯಬಲ್ಲ .375, ಅಳುಕಿ ಹೊಡೆಯುವ .600ಕ್ಕಿಂತ ದೊಡ್ಡ ಕೋವಿ ಎಂದು ನಾನು ಗಿರಾಕಿಗಳಿಗೆ ಹೇಳುತ್ತಿದ್ದೆ. ಅವರಲ್ಲಿ ಅರ್ಧ ಜನ ಕೇಳುತ್ತಿರಲಿಲ್ಲ. ದೊಡ್ಡ ಕೋವಿಗೆ ಅದರದ್ದೇ ಒಂದು ಅಮಲಿದೆ.

ನೀವು ನೋಡಿದ ವಿಡಿಯೋಗಳ ಬಗ್ಗೆ ಒಂದು ಮಾತು. ಅವುಗಳಲ್ಲಿ ಎಷ್ಟೋ ‘ದಾಳಿ’ಗಳು ಹೊಡೆಯದಿದ್ದರೂ ನಿಲ್ಲುತ್ತಿದ್ದವು ಎಂಬ ಅನುಮಾನ ನನಗಿದೆ. ಕಾಕನಕೋಟೆಯಿಂದ ಡಿ.ಬಿ. ಕುಪ್ಪೆಯ ದಾರಿಯಲ್ಲಿ ಒಂದು ಸಂಜೆ ಜೀಪಿನಲ್ಲಿ ಹೋಗುತ್ತಿದ್ದಾಗ, ಮರಿಯೊಂದಿಗಿದ್ದ ಹೆಣ್ಣಾನೆ ಕಿವಿಗಳನ್ನು ಮೊರದಂತೆ ಅಗಲಿಸಿ, ಘೀಳಿಟ್ಟು, ಧೂಳೆಬ್ಬಿಸಿ ನಮ್ಮ ಮೇಲೆ ಬಂದಿತು. ಹದಿನೈದು ಹೆಜ್ಜೆಯ ದೂರದಲ್ಲಿ ನಿಂತು, ತಲೆ ಕೊಡವಿ, ಒಂದು ಕಾಲಿನಿಂದ ನೆಲ ಕೆದರಿತು. ನಾನು ಸೀಟಿನಡಿಗೆ ಜಾರಿದ್ದೆ. ಜೊತೆಗಿದ್ದ ಜೇನುಕುರುಬರ ಹಿರಿಯ ವಾಚರ್ ಕೈಯಲ್ಲಿದ್ದ ಬೀಡಿಯನ್ನೂ ಆರಿಸಿರಲಿಲ್ಲ. ‘ಕೂಗ್ಕೊಂಡು ಬಂದ್ರೆ ಬೈಯಾಕೆ ಬಂದದೆ ಸಾ. ಸುಮ್ಕೆ ಬಂದ್ರೆ ನೋಡ್ಕೋಬೇಕು’ ಎಂದ. ಕಿವಿಯನ್ನು ಹಿಂದಕ್ಕೆ ಅಂಟಿಸಿ, ಸೊಂಡಿಲನ್ನು ಒಳಕ್ಕೆ ಸುರುಳಿ ಸುತ್ತಿ, ಸದ್ದಿಲ್ಲದೆ ಬರುವುದು ನಿಜವಾದ ದಾಳಿಯ ಲಕ್ಷಣ ಎಂದು ಆಫ್ರಿಕಾದವರೂ ಹೇಳುತ್ತಾರೆ. ಎರಡು ಕಡೆಯ ಅನುಭವ ಹೀಗೆ ತಾಳೆಯಾಗುವುದರಿಂದ ನಾನು ಅದನ್ನು ನಂಬುತ್ತೇನೆ, ಆದರೆ ಮದವೇರಿದ ಸಲಗದ ಮುಂದೆ ನಿಂತು ಪರೀಕ್ಷಿಸಲು ಹೋಗುವುದಿಲ್ಲ.

ಅರಿವಳಿಕೆಯ ಮದ್ದು ಹಾರಿಸುವ ಕೋವಿ ಇದೆಯಲ್ಲ ಎಂದು ಕೆಲವರು ಕೇಳುತ್ತಾರೆ. ಅದು ಹಿಡಿಯುವ ಸಾಧನ, ನಿಲ್ಲಿಸುವ ಸಾಧನವಲ್ಲ. ಮದ್ದು ಮೈಗೇರಲು ಹಲವು ನಿಮಿಷ ಬೇಕು. 2011ರ ಜೂನ್ 8ರಂದು ಎರಡು ಕಾಡಾನೆಗಳು ಮೈಸೂರು ನಗರದೊಳಗೇ ನುಗ್ಗಿ ಒಬ್ಬರ ಪ್ರಾಣ ತೆಗೆದ ದಿನ ಅವುಗಳನ್ನು ಹಿಡಿದದ್ದು ಅರಿವಳಿಕೆಯಿಂದ ಮತ್ತು ಪಳಗಿದ ಆನೆಗಳಿಂದ, ಗಂಟೆಗಟ್ಟಲೆಯ ತಾಳ್ಮೆಯಿಂದ. 2023ರ ಆಗಸ್ಟಿನಲ್ಲಿ ಹಾಸನ ಜಿಲ್ಲೆಯ ಆಲೂರಿನ ಬಳಿ, ಗಾಯಗೊಂಡ ಸಲಗಕ್ಕೆ ಚಿಕಿತ್ಸೆ ಕೊಡಲೆಂದು ಅರಿವಳಿಕೆ ಹಾರಿಸಿದ, ಆ ಕೆಲಸದಲ್ಲಿ ನುರಿತ ಸಿಬ್ಬಂದಿಯೊಬ್ಬರನ್ನು ಅದೇ ಆನೆ ಅಟ್ಟಿಸಿಕೊಂಡು ಹೋಗಿ ಕೊಂದಿತು. ಅವರಿಗಿಂತ ಹೆಚ್ಚು ಆನೆ ಬಲ್ಲವರು ನಮ್ಮ ಸೀಮೆಯಲ್ಲಿ ವಿರಳ.

ಈಗ ನಿಮ್ಮ ಗದ್ದೆಗೆ ಬರುತ್ತೇನೆ. ವನ್ಯಜೀವಿ ಸಂರಕ್ಷಣಾ ಕಾಯ್ದೆ, 1972ರ ಪ್ರಕಾರ ಆನೆ ಮೊದಲ ಅನುಸೂಚಿಯ ಪ್ರಾಣಿ. ಅದನ್ನು ಬೇಟೆಯಾಡಿದರೆ 3ರಿಂದ 7 ವರ್ಷ ಸೆರೆವಾಸ. 11ನೇ ಕಲಮಿನಲ್ಲಿ ಪ್ರಾಣರಕ್ಷಣೆಗಾಗಿ ಸದುದ್ದೇಶದಿಂದ ಮಾಡಿದ್ದಕ್ಕೆ ವಿನಾಯಿತಿ ಇದೆಯಾದರೂ ಅದು ಪ್ರಾಣದ ರಕ್ಷಣೆಗೆ, ಕಬ್ಬಿನ ರಕ್ಷಣೆಗಲ್ಲ. ಕಾನೂನನ್ನು ಒತ್ತಟ್ಟಿಗಿಟ್ಟರೂ, ಚರೆ ತುಂಬಿದ 12 ಬೋರಿನಿಂದ ಆನೆಗೆ ಹೊಡೆದರೆ ಆಗುವುದಿಷ್ಟೇ: ಚರ್ಮದಡಿ ಕೀವು, ಮನಸ್ಸಿನಲ್ಲಿ ರೋಷ. ಅದನ್ನು ಹೊತ್ತ ಆನೆ ಮಾರನೆಯ ಬೆಳಗ್ಗೆ ಹಾಲಿನ ಡೈರಿಗೆ ಹೋಗುವ ಇನ್ನಾರಿಗೋ ಎದುರಾಗುತ್ತದೆ. 1971ರವರೆಗೆ ಕಾಕನಕೋಟೆಯಲ್ಲಿ ಕಾಡಾನೆ ಹಿಡಿಯಲು ನಡೆದ ಖೆಡ್ಡಾಗಳಲ್ಲಿ ಹಿಂಡು ಹಿಂಡು ಆನೆಗಳನ್ನು ಅಟ್ಟಿದ್ದು ತಮಟೆ, ಬೆಂಕಿ, ಬೊಬ್ಬೆ ಮತ್ತು ಗಾಳಿಗೆ ಹಾರಿಸಿದ ಈಡುಗಳಿಂದ. ಇವತ್ತೂ ದೂರದಿಂದ, ನಾಲ್ಕಾರು ಜನ ಸೇರಿ, ಆನೆಗೆ ಹಿಂದಿರುಗಲು ಕಾಡಿನ ಕಡೆಯ ದಾರಿಯನ್ನು ತೆರೆದಿಟ್ಟು ಸದ್ದು ಮಾಡುವುದೇ ಮೇಲು. ಕತ್ತಲಲ್ಲಿ ಒಬ್ಬರೇ ಕಬ್ಬಿನೊಳಗೆ ಹೋಗಬೇಡಿ. ಕೈಯಲ್ಲಿ ಕೋವಿ ಇದ್ದರಂತೂ ಹೋಗಲೇಬೇಡಿ, ಏಕೆಂದರೆ ಅದಿಲ್ಲದಿದ್ದರೆ ನೀವು ಹೋಗುತ್ತಲೇ ಇರಲಿಲ್ಲ.

ತಾತನ ಕೋವಿಯ ಬಗ್ಗೆ ನೀವು ಕೇಳದ ಒಂದು ಸಂಗತಿ ಉಳಿದಿದೆ. ಇಂಗ್ಲೆಂಡಿನ ಹಳೆಯ 12 ಬೋರುಗಳಲ್ಲಿ ಅನೇಕವು ಎರಡೂವರೆ ಅಂಗುಲದ, ಅಂದರೆ 65 ಮಿಲಿಮೀಟರಿನ ತೋಟೆಗೆ ಕೊರೆದವು. ಈಗ ಅಂಗಡಿಯಲ್ಲಿ ಸಿಗುವುದು ಹೆಚ್ಚಾಗಿ 70 ಮಿಲಿಮೀಟರಿನವು. ಹೊಡೆಯುವ ಮೊದಲು ತೋಟೆಯ ಬಾಯಿ ಮಡಚಿರುವುದರಿಂದ ಅದು ಒಳಗೆ ಸಲೀಸಾಗಿ ಕೂರುತ್ತದೆ, ಹಾರಿದಾಗ ಬಾಯಿ ಬಿಚ್ಚಿಕೊಳ್ಳಲು ಜಾಗವಿರುವುದಿಲ್ಲ, ಒತ್ತಡ ಏರುತ್ತದೆ. ಕೋವಿಯನ್ನು ಮುರಿದು ನಳಿಗೆಗಳ ಕೆಳಭಾಗದ ಚಪ್ಪಟೆ ಜಾಗವನ್ನು ಬಟ್ಟೆಯಿಂದ ಒರೆಸಿ ನೋಡಿ. ಪರೀಕ್ಷೆಯ ಮುದ್ರೆಗಳ ಪಕ್ಕದಲ್ಲಿ 2½ ಎಂಬ ಗುರುತು ಕಂಡರೆ, ಅಥವಾ ಯಾವ ಅಳತೆಯೂ ಕಾಣದಿದ್ದರೆ, ಲೈಸೆನ್ಸಿನೊಂದಿಗೆ ಪರವಾನಗಿಯುಳ್ಳ ರಿಪೇರಿಯವರ ಬಳಿ ಒಯ್ದು ಅಳೆಸಿ. ಅಲ್ಲಿಯವರೆಗೆ ಗಾಳಿಗೂ ಹಾರಿಸಬೇಡಿ.